ತಮ್ಮನನ್ನು ನಾನು ಕಾಪಾಡಿದ ಬಗೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಈ ಚಿಕಿತ್ಸಾ ಕೇಂದ್ರದ ವೈದ್ಯರೇ, ಆಪ್ತಸಲಹೆಗಾರರೇ, ಚಿಕಿತ್ಸೆ ಮುಗಿಸಿ ನಾಳೆ ಮನೆಗೆ ಹೊರಟಿರುವವರೇ, ಅವರನ್ನು ಕರೆದೊಯ್ಯಲು ಇವತ್ತೇ ಬಂದು ಕೂತಿರುವ ತಾಯಂದಿರೇ, ಹೆಂಡಂದಿರೇ, ಅಣ್ಣತಮ್ಮಂದಿರೇ, ಹಿಂದಿನ ಸಾಲಿನಲ್ಲಿ ಬಾಗಿಲಿಗೆ ಹತ್ತಿರ ಜಾಗ ಹಿಡಿದಿರುವ ಬುದ್ಧಿವಂತ ಸಭಿಕರೇ,

ನಿಮಗೆಲ್ಲ ನನ್ನ ವಂದನೆಗಳು.

ಈಗಷ್ಟೇ ನನಗೆ ಒಂದು ಫಲಕ ಕೊಟ್ಟರು. ಅದರ ಮೇಲೆ ‘ಆದರ್ಶ ಪೋಷಕಿ’ ಎಂದು ಬರೆದಿದೆ. ಮಾತಾಡಲು ಒಂದು ವಿಷಯವನ್ನೂ ಕೊಟ್ಟಿದ್ದಾರೆ: ‘ಚಿಕಿತ್ಸೆ ಮುಗಿದ ಮೇಲೆ ಮತ್ತೆ ಕುಡಿತಕ್ಕೆ ಜಾರದಂತೆ ತಡೆಯುವಲ್ಲಿ ಕುಟುಂಬದ ಪಾತ್ರ’. ನಾನು ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೇನೆ. ನಿರೂಪಕರು ನನ್ನನ್ನು ಪರಿಚಯಿಸುತ್ತ, ಈಕೆ ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು ಎಂದರು. ಮೂವತ್ತಲ್ಲ, ಮೂವತ್ತೊಂದು. ತನ್ನ ತಮ್ಮನನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಪಾಡಿದವರು ಎಂದೂ ಹೇಳಿದರು. ಎಣ್ಣೆ ಬಿಟ್ಟುಕೊಂಡದ್ದು ನಿಜ. ಎಣ್ಣೆ ಬಿದ್ದ ಕಣ್ಣಿಗೆ ಏನೇನು ಕಾಣುತ್ತದೆ, ಏನು ಕಾಣುವುದಿಲ್ಲ ಎನ್ನುವುದು ಬೇರೆ ಮಾತು.

ನನ್ನ ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ವೈದ್ಯರು ಬರೆದ ಚೀಟಿ ನೋಡಿ, ಗಾಜಿನ ನಡುವೆ ಶಾಯಿಯ ಚುಕ್ಕೆಯಿಟ್ಟು, ಅಂಚನ್ನು ಸಾಣೆಯ ಚಕ್ರಕ್ಕೆ ಹಿಡಿದು, ಚೌಕಟ್ಟಿಗೆ ಕೂರುವ ಹಾಗೆ ಸವೆಸಬೇಕು. ಚುಕ್ಕೆ ಒಂದು ಕೂದಲೆಳೆ ಅತ್ತಿತ್ತ ಆದರೆ ಹಾಕಿಕೊಂಡವರಿಗೆ ತಲೆನೋವು. ಅವನ ಕೈಯಲ್ಲಿ ಹದಿನೆಂಟು ವರ್ಷ ಯಾರಿಗೂ ತಲೆನೋವು ಬಂದಿರಲಿಲ್ಲ. ಆಮೇಲೆ ಕುಡಿತ ಹೆಚ್ಚಾಯಿತು, ಬೆಳಗಿನ ಹೊತ್ತು ಕೈ ನಡುಗಲು ಶುರುವಾಯಿತು, ಗಾಜು ಒಡೆಯಲು ಶುರುವಾಯಿತು. ಹೊಟ್ಟೆನೋವು ಎಂದು ಅಂಗಡಿಯ ಯಜಮಾನರಿಗೆ ಹೇಳಿ ರಜೆ ಹಾಕಿ, ಮೂರು ತಿಂಗಳು ಇಲ್ಲಿ, ಈ ಸಭಾಂಗಣದ ಹಿಂದಿರುವ ಕಟ್ಟಡದ ಎರಡನೇ ಮಹಡಿಯಲ್ಲಿ ಇದ್ದ. ಯಾರೂ ಬಲವಂತ ಮಾಡಲಿಲ್ಲ. ತಾನೇ ಬಂದು ಸೇರಿದ. ದಯವಿಟ್ಟು ಈ ಮಾತನ್ನು ಗಮನದಲ್ಲಿಡಿ, ಏಕೆಂದರೆ ಮುಂದಿನ ಏಳು ತಿಂಗಳು ನಾನು ಅದನ್ನು ಗಮನದಲ್ಲಿ ಇಟ್ಟುಕೊಳ್ಳಲಿಲ್ಲ.

ಅವನು ಬಿಡುಗಡೆಯಾದ ದಿನ ವೈದ್ಯರು ಐದು ಪುಟದ ಕಾಗದ ಕೊಟ್ಟರು. ಹಸಿದಿರಬೇಡಿ, ಒಂಟಿಯಾಗಿರಬೇಡಿ, ಹಳೆಯ ಗೆಳೆಯರ ಬೀದಿಗೆ ಹೋಗಬೇಡಿ, ಆಸೆ ತಲೆಯೆತ್ತಿದರೆ ಯಾರಿಗಾದರೂ ಫೋನ್ ಮಾಡಿ, ವಾರಕ್ಕೆರಡು ಸಲ ಕುಡಿತ ಬಿಟ್ಟವರ ಗುಂಪಿಗೆ ಹೋಗಿ ಕೂತು ಮಾತಾಡಿ, ಇಷ್ಟವಾದ ಕೆಲಸ ಬಿಡಬೇಡಿ. ನಾಲ್ಕು ಪುಟ ನಾನು ಎರಡೆರಡು ಸಲ ಓದಿದೆ. ಐದನೆಯ ಪುಟಕ್ಕೆ ‘ಮನೆಯವರಿಗೆ ಸೂಚನೆಗಳು’ ಎಂದು ತಲೆಬರಹವಿತ್ತು. ಅದನ್ನು ಹರಿದು ತಮ್ಮನ ಹೆಂಡತಿಯ ಕೈಗೆ ಕೊಟ್ಟೆ. ಮನೆಯವಳು ಅವಳು ತಾನೇ? ನಾನು ತಪಾಸಣೆಯವಳು.

ನಾನು ನಿವೃತ್ತಳಾಗಿ ಆಗ ಸರಿಯಾಗಿ ಹನ್ನೆರಡು ದಿನ. ಆ ಹನ್ನೆರಡು ದಿನವೂ ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ತಲೆ ಬಾಚಿ, ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದೆ. ಗೋಡೆಗೆ ಟಿಕೆಟ್ ಕೇಳಲು ಬರುವುದಿಲ್ಲ. ತಮ್ಮ ಮನೆಗೆ ಬಂದ ಸಂಜೆಯೇ ಒಂದು ಸೂಟ್‌ಕೇಸ್ ಹಿಡಿದು ನಾನೂ ಅಲ್ಲಿಗೆ ಹೋದೆ. ಒಂದು ತಿಂಗಳ ಮಟ್ಟಿಗೆ ಎಂದೆ. ತಮ್ಮನ ಮಗಳ ಕೋಣೆಯಲ್ಲಿ ನನಗೆ ಹಾಸಿಗೆ ಹಾಕಿದರು. ಹದಿನಾಲ್ಕು ವರ್ಷದ ಹುಡುಗಿ. ತನ್ನ ಮೇಜಿನ ಅರ್ಧ ಖಾಲಿ ಮಾಡಿಕೊಟ್ಟು, ಅತ್ತೆ, ಇದು ನಿಮಗೆ ಎಂದಳು.

ಮೂವತ್ತೊಂದು ವರ್ಷ ನಾನು ಬೋಗಿ ಹತ್ತಿದೊಡನೆ, ಇವನ ಹತ್ತಿರ ಟಿಕೆಟ್ ಇಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಆ ಹೆಗಲು ನನಗೆ ದೂರದಿಂದಲೇ ಕಾಣುತ್ತಿತ್ತು. ಆ ವಿದ್ಯೆಯನ್ನೆಲ್ಲ ಮನೆಗೆ ಇಳಿಸಿದೆ. ಶೌಚಾಲಯದ ನೀರಿನ ತೊಟ್ಟಿ ತೆರೆದು ನೋಡುತ್ತಿದ್ದೆ. ಶೂಗಳ ಒಳಗೆ ಕೈ ಹಾಕುತ್ತಿದ್ದೆ. ಗಡ್ಡ ಕೆರೆದ ಮೇಲೆ ಹಚ್ಚುವ ದ್ರವ, ಗಾಜು ಒರೆಸುವ ಸ್ಪಿರಿಟ್ಟು, ಎಲ್ಲವನ್ನೂ ಚರಂಡಿಗೆ ಸುರಿದೆ. ಸಂಜೆ ಅವನು ಬಾಗಿಲು ತಟ್ಟಿದರೆ ನಾನೇ ತೆಗೆಯುತ್ತಿದ್ದೆ, ತೆಗೆದು ಅವನ ಬಾಯಿಯ ಹತ್ತಿರ ಮುಖ ಇಡುತ್ತಿದ್ದೆ. ಅವನು ಉಸಿರು ಬಿಡುತ್ತಿದ್ದ. ನಾನು ‘ಹ್ಞೂ’ ಎಂದ ಮೇಲೆ ಒಳಗೆ ಬರುತ್ತಿದ್ದ.

ಹಾಳೆಯಲ್ಲಿ ಇಲ್ಲದ ಒಂದು ಮಾತು ಹೇಳಿಬಿಡುತ್ತೇನೆ. ವಾಸನೆ ಹಿಡಿಯುವ ವಿದ್ಯೆ ನನಗೆ ರೈಲಿನಲ್ಲಿ ಬಂದದ್ದಲ್ಲ. ನಮ್ಮ ಅಪ್ಪನೂ ಕುಡಿಯುತ್ತಿದ್ದರು. ನನಗೆ ಹತ್ತು ವರ್ಷವಿದ್ದಾಗ ಅಮ್ಮ ನನ್ನನ್ನು ಬಾಗಿಲಿಗೆ ಕಳಿಸುತ್ತಿದ್ದಳು. ಓಡಿ ಹೋಗಿ ಅಪ್ಪನ ಕುತ್ತಿಗೆಗೆ ಜೋತುಬೀಳಬೇಕು, ಮೂಸಬೇಕು, ಅಡುಗೆಮನೆಗೆ ಬಂದು ಕಣ್ಣಲ್ಲೇ ಹೇಳಬೇಕು. ಇಲ್ಲ ಎಂದರೆ ಎಲ್ಲರೂ ಒಟ್ಟಿಗೆ ಕೂತು ಊಟ. ಹೌದು ಎಂದರೆ ಅಮ್ಮ ತೊಟ್ಟಿಲಲ್ಲಿದ್ದ ತಮ್ಮನನ್ನು ಎತ್ತಿ ನನ್ನ ಕೈಗೆ ಕೊಟ್ಟು ಹಿಂದಿನ ಕೋಣೆಗೆ ಕಳಿಸಿ ಹೊರಗಿನಿಂದ ಅಗುಳಿ ಹಾಕುತ್ತಿದ್ದಳು. ಒಂದು ಮನೆಯ ಊಟ ನನ್ನ ಮೂಗಿನ ಮೇಲೆ ನಿಂತಿತ್ತು. ಅಪ್ಪ ಮಾತ್ರ ನಾನು ಪ್ರೀತಿಯಿಂದ ಓಡಿ ಬರುತ್ತೇನೆ ಎಂದುಕೊಂಡಿದ್ದರು. ಸಾಯುವವರೆಗೂ ಹಾಗೆಯೇ ಅಂದುಕೊಂಡಿದ್ದರು.

ಇರಲಿ. ವಿಷಯಕ್ಕೆ ಬರುತ್ತೇನೆ.

ತಮ್ಮ ಮತ್ತೆ ಕೆಲಸಕ್ಕೆ ಸೇರಿದ. ಅಂಗಡಿಯ ಎದುರು ಒಂದು ಬ್ಯಾಂಕಿನ ಮೆಟ್ಟಿಲುಗಳಿವೆ. ಬೆಳಿಗ್ಗೆ ಅವನ ಹಿಂದೆಯೇ ಹೋಗಿ ಆ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಒಂಬತ್ತನೇ ದಿನ ಅಂಗಡಿಯ ಯಜಮಾನರು ರಸ್ತೆ ದಾಟಿ ಬಂದರು. ತುಂಬ ಸಭ್ಯ ಮನುಷ್ಯ. “ಒಂಬತ್ತು ದಿನದಿಂದ ನಮ್ಮ ಬೋರ್ಡನ್ನೇ ನೋಡ್ತಿದ್ದೀರಿ ಅಮ್ಮ. ನಿಮಗೆ ದೂರದ್ದು ಕಾಣಲ್ವಾ, ಹತ್ತಿರದ್ದು ಕಾಣಲ್ವಾ?” ಎಂದರು. ನೀವು ನಗುತ್ತಿದ್ದೀರಿ. ನನಗೆ ಆಗ ನಗು ಬರಲಿಲ್ಲ. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಹೊಟ್ಟೆನೋವಲ್ಲ, ಕುಡಿತ, ರಜೆಯಲ್ಲ, ಚಿಕಿತ್ಸೆ, ಕಂಡೂ ಕಾಣದ ಹಾಗೆ ಒಂದು ಕಣ್ಣಿಟ್ಟಿರಿ ಎಂದೆ. ಮುನ್ನೆಚ್ಚರಿಕೆ ಎಂದರೆ ಇದೇ ಅಲ್ಲವೇ?

ಅವರು ಎರಡೂ ಕಣ್ಣಿಟ್ಟರು. ಮುಂದಿನ ವಾರ ತಮ್ಮನನ್ನು ಚಕ್ರದಿಂದ ಎಬ್ಬಿಸಿ ಮುಂದಿನ ಮೇಜಿಗೆ ಹಾಕಿದರು. ಕನ್ನಡಕ ಕೊಳ್ಳಲು ಬಂದವರಿಗೆ ಡಬ್ಬಿ ಕೊಡುವುದು, ಒರೆಸುವ ಬಟ್ಟೆ ಕೊಡುವುದು, ಬಾಗಿಲು ತೆಗೆಯುವುದು. ಎಷ್ಟೋ ವರ್ಷದ ಮೇಲೆ ಮೊದಲ ಸಲ ಅವನ ಕೈ ಅಲುಗದೆ ನಿಂತಿತ್ತು, ಆ ಕೈಗೆ ಈಗ ಮಾಡಲು ಕೆಲಸವಿರಲಿಲ್ಲ. ನಾನು ಮೆಟ್ಟಿಲ ಮೇಲಿಂದ ನೋಡಿದೆ. ನೋಡಿ, ಒಳ್ಳೆಯದೇ ಆಯಿತು, ಮುಂದಿನ ಮೇಜಿನಲ್ಲಿದ್ದರೆ ನನಗೆ ಚೆನ್ನಾಗಿ ಕಾಣುತ್ತಾನೆ ಎಂದುಕೊಂಡೆ.

ಆಮೇಲೆ ಮಂಗಳವಾರ ಮತ್ತು ಶನಿವಾರಗಳ ಪ್ರಶ್ನೆ. ಆ ಎರಡು ದಿನ ಮಾತ್ರ ತಮ್ಮ, ನೀನು ಮುಂಚೆ ಮನೆಗೆ ಹೋಗಿರು ಎಂದು ನನಗೆ ಹೇಳುತ್ತಿದ್ದ, ತಾನು ಒಂದೂವರೆ ಗಂಟೆ ತಡವಾಗಿ ಬರುತ್ತಿದ್ದ. ಕೇಳಿದರೆ ಕೆಲಸವಿತ್ತು ಎನ್ನುತ್ತಿದ್ದ. ಡಬ್ಬಿ ಕೊಡುವವನಿಗೆ ಎಂಥ ಹೆಚ್ಚಿನ ಕೆಲಸ? ಅನುಮಾನಕ್ಕಿಂತ ದೊಡ್ಡ ರೋಗವಿಲ್ಲ ಎನ್ನುತ್ತಾರೆ. ನನಗೆ ಆ ರೋಗದಲ್ಲಿ ಮೂವತ್ತೊಂದು ವರ್ಷ ಸಂಬಳ ಬಂದಿತ್ತು. ಒಂದು ಶನಿವಾರ ಹಿಂಬಾಲಿಸಿದೆ. ಹಳೆಯ ಗೆಳೆಯರ ಬೀದಿಯನ್ನು ಬಿಟ್ಟು ಅವನು ಸುತ್ತಿಬಳಸಿ ನಡೆದ. ನನ್ನನ್ನು ತಪ್ಪಿಸಲು ಸುತ್ತುತ್ತಿದ್ದಾನೆ ಎಂದುಕೊಂಡೆ. ಕೊನೆಗೆ ಒಂದು ಟೈರ್ ಅಂಗಡಿಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋದ. ಸಿಕ್ಕಿಬಿದ್ದ ಎಂದುಕೊಂಡೆ. ಹತ್ತು ನಿಮಿಷ ಕಾದೆ, ಲೋಟ ತುಂಬಲಿ ಎಂದು. ಆಮೇಲೆ ಹತ್ತಿಹೋಗಿ, ತಟ್ಟದೆ ಬಾಗಿಲು ದೂಡಿದೆ.

ಒಳಗೆ ಎಂಟು ಪ್ಲಾಸ್ಟಿಕ್ ಕುರ್ಚಿಗಳು ಸುತ್ತಲೂ ಇದ್ದವು. ಖಾಕಿ ಬಟ್ಟೆಯ ಒಬ್ಬ ಡ್ರೈವರ್, ಬೋಳು ತಲೆಯವರು, ಸ್ವಂತ ಮಗನೇ ಮಾತು ಬಿಟ್ಟ ಬಗ್ಗೆ ಹೇಳುತ್ತ ಅಳುತ್ತಿದ್ದರು. ಅದು ಕುಡಿತ ಬಿಟ್ಟವರ ಗುಂಪು. ನಾಲ್ಕನೆಯ ಪುಟದಲ್ಲಿ, ಹೋಗಿ ಎಂದು ಬರೆದಿದ್ದ ಗುಂಪು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಬೋಗಿ ಹತ್ತಿದಾಗ ಎಲ್ಲರೂ ತಿರುಗಿ ನೋಡುವುದು ನನಗೆ ಹೊಸದಲ್ಲ. “ಏನಿಲ್ಲ, ನೀವು ಮುಂದುವರಿಸಿ,” ಎಂದು ಹೇಳಿ ಖಾಲಿಯಿದ್ದ ಕುರ್ಚಿಯಲ್ಲಿ ಕೂತೆ. ಡ್ರೈವರ್ ಮುಂದುವರಿಸಲಿಲ್ಲ. ಮುಖ ಒರೆಸಿಕೊಂಡು ಕೀಲಿಕೈ ಎತ್ತಿಕೊಂಡು ಹೊರಟುಹೋದರು. ಅವರ ಮಗನ ಕಥೆ ಏನಾಯಿತೋ ನನಗೆ ಇವತ್ತಿಗೂ ತಿಳಿಯದು. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ ಎಂಬ ನಂಬಿಕೆಯಿಂದ ಬರುತ್ತೇವೆ ಎಂದು ಗುಂಪಿನ ಒಬ್ಬ ಹೆಂಗಸು ನನಗೆ ಮೆಲ್ಲಗೆ ತಿಳಿಸಿದರು. ನಾನೂ ಯಾರಿಗೂ ಹೇಳುವುದಿಲ್ಲ ಎಂದು ಭರವಸೆ ಕೊಟ್ಟೆ.

ತಮ್ಮ ಮತ್ತೆ ಆ ಗುಂಪಿಗೆ ಹೋಗಲಿಲ್ಲ. ಅವರ ಮುಖ ಹೇಗೆ ನೋಡಲಿ ಎಂದು ಹೆಂಡತಿಯ ಹತ್ತಿರ ಹೇಳಿದನಂತೆ. ಅವಳಿಗೆ ಗುಂಪಿನ ವಿಷಯ ಮೊದಲಿನಿಂದಲೂ ಗೊತ್ತಿತ್ತು. ಮತ್ತೆ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಆ ಹೆಣ್ಣು ಮಗಳು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ತೋಳು ಮಡಿಸಿದಳು, ಕಾಲರು ಮಡಿಸಿದಳು, ಮುಂದಿನ ಅಂಗಿ ಎತ್ತಿಕೊಂಡಳು.

ಹೀಗೆ, ಸಭಿಕರೇ, ವೈದ್ಯರ ನಾಲ್ಕು ಪುಟದಲ್ಲಿದ್ದ ಒಂದೊಂದೇ ಆಸರೆಯನ್ನು ನಾನು ಜೋಪಾನವಾಗಿ ತೆಗೆದುಹಾಕಿದೆ. ಕೆಲಸ ತೆಗೆದೆ, ಗುಂಪು ತೆಗೆದೆ, ಮನೆಯೊಳಗೆ ಕಾಲಿಡುವ ಮಾನ ತೆಗೆದೆ. ಇಷ್ಟಾದರೂ ಅವನು ಕುಡಿಯಲಿಲ್ಲ. ನನ್ನ ತಮ್ಮ ಎಂಥ ಗಟ್ಟಿ ಎಂದು ಇದರಿಂದ ನೀವು ತಿಳಿಯಬಹುದು.

ಏಳನೇ ತಿಂಗಳು ಮನೆಯಲ್ಲಿ ಹುಡುಗಿಗೆ ಕೆಮ್ಮು. ಅವಳಮ್ಮ ಔಷಧಿ ತಂದಿಟ್ಟಿದ್ದಳು, ಮದ್ಯಸಾರದ ಅಂಶವಿರುವಂಥದ್ದು. ನನಗೆ ಕಂಡಾಗ ಸೀಸೆ ಅರ್ಧ ಖಾಲಿ. ಎರಡು ದಿನದಲ್ಲಿ ಅರ್ಧ ಸೀಸೆ! ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಸೀಸೆಯನ್ನು ತಮ್ಮನ ತಟ್ಟೆಯ ಪಕ್ಕ ಇಟ್ಟೆ. ಏನೂ ಕೇಳಲಿಲ್ಲ. ಕೇಳುವುದಕ್ಕಿಂತ ಸುಮ್ಮನೆ ನಿಲ್ಲುವುದು ಹೆಚ್ಚು ಕೆಲಸ ಮಾಡುತ್ತದೆ, ಅದು ನಮ್ಮ ವೃತ್ತಿಯ ಗುಟ್ಟು. ಹುಡುಗಿ, “ಅತ್ತೆ, ಅದು ನಾನು ಕುಡಿದಿದ್ದು, ಸ್ವಲ್ಪ ಚೆಲ್ಲಿತು ಕೂಡ,” ಎಂದಳು. ಅಪ್ಪನನ್ನು ಉಳಿಸಲು ಸುಳ್ಳು ಹೇಳಬೇಡ ಎಂದೆ. ಹೇಳಿದ ಮೇಲೆ ಆ ಮಗುವಿನ ಮುಖ ನೋಡಿದೆ. ಮುಖ ನೋಡಿ ಹೇಳುವವಳು ನಾನು. ಅದರಲ್ಲಿ ಸುಳ್ಳಿರಲಿಲ್ಲ. ಅದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಆದರೂ ಸೀಸೆಯನ್ನು ಅಲ್ಲಿಂದ ಎತ್ತಲಿಲ್ಲ.

ತಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. “ಅಕ್ಕ, ನಾನು ಮನೆಗೆ ಬಂದು ಇವತ್ತಿಗೆ ಇನ್ನೂರಾ ಆರು ದಿನ. ಇದರಲ್ಲಿ ಒಂದು ದಿನವಾದ್ರೂ ನೀನು ನನ್ನ ನಂಬಿದ್ದೀಯಾ?”

ನಾನು ಹೇಳಿದೆ, “ಟಿಕೆಟ್ ಇಲ್ಲದವರೆಲ್ಲ ಹೀಗೇ ಕೇಳ್ತಾರೆ.”

ಅವನು ಎದ್ದು, ಕೈ ತೊಳೆದು, ಚಪ್ಪಲಿ ಹಾಕಿಕೊಂಡು ಹೊರಟ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ಮರುದಿನ ಮಧ್ಯಾಹ್ನ ಮನೆಗೆ ಬಂದ. ಈ ಸಲ ಮೂಸಬೇಕಾದ ಅಗತ್ಯವೇ ಇರಲಿಲ್ಲ.

ಅವನನ್ನು ಹಾಗೆ ಕಂಡೊಡನೆ ನನಗೆ ಏನನ್ನಿಸಿತು ಎಂದು ಇದುವರೆಗೆ ಇಬ್ಬರಿಗೆ ಮಾತ್ರ ಹೇಳಿದ್ದೇನೆ. ದುಃಖವಲ್ಲ, ಸಿಟ್ಟೂ ಅಲ್ಲ. ಸಮಾಧಾನ. ಸಿಕ್ಕಿತಲ್ಲ ಎನ್ನುವ ಸಮಾಧಾನ. ಏಳು ತಿಂಗಳು ಒಂದು ಬೋಗಿಯಲ್ಲಿ ಒಬ್ಬನೇ ಪ್ರಯಾಣಿಕನನ್ನು ತಪಾಸಣೆ ಮಾಡಿ ಮಾಡಿ, ಕೊನೆಗೂ ಅವನ ಹತ್ತಿರ ಟಿಕೆಟ್ ಇಲ್ಲ ಎಂದು ಸಾಬೀತಾಯಿತು. ಆ ರಾತ್ರಿ ಏಳು ತಿಂಗಳಲ್ಲಿ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದೆ. ಅಧ್ಯಕ್ಷರು ಫಲಕವನ್ನು ವಾಪಸು ಕೇಳಿದರೆ ಕೊಟ್ಟುಹೋಗುತ್ತೇನೆ.

ಬೆಳಿಗ್ಗೆ ಫೋನ್ ಮಾಡಿದ್ದು ನಾನಲ್ಲ. ತಮ್ಮನೇ ಇಲ್ಲಿಯ ಆಪ್ತಸಲಹೆಗಾರ್ತಿಗೆ ಫೋನ್ ಮಾಡಿ, ಜಾರಿದೆ, ಬರಲಾ ಎಂದು ಕೇಳಿದ. ಬನ್ನಿ ಎಂದರು. ನಾಲ್ವರೂ ಬಂದೆವು. ನಾನು ಏಳು ತಿಂಗಳ ವಿವರವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೆ, ಅದನ್ನೂ ತಂದಿದ್ದೆ. ಸಲಹೆಗಾರ್ತಿ ಅವನನ್ನು ಒಳಗೆ ಕರೆದು ಮಾತಾಡಿದರು, ಅವನ ಹೆಂಡತಿಯನ್ನು ಕರೆದು ಮಾತಾಡಿದರು, ಹುಡುಗಿಯನ್ನೂ ಕರೆದರು. ಜಾರಿದ ಮಾತ್ರಕ್ಕೆ ಇನ್ನೂರಾ ಆರು ದಿನ ಎಲ್ಲಿಗೂ ಓಡಿಹೋಗುವುದಿಲ್ಲ, ಹತ್ತು ದಿನ ಇಲ್ಲಿದ್ದು ಹೋಗಲಿ ಎಂದರು. ನನ್ನ ಪುಸ್ತಕವನ್ನು ಯಾರೂ ತೆರೆಯಲಿಲ್ಲ.

ಅವನನ್ನು ಬಿಟ್ಟು ಮನೆಗೆ ಬಂದೆವು. ಏಳು ತಿಂಗಳು ನನಗೆ ಎದುರಾಡದ ತಮ್ಮನ ಹೆಂಡತಿ ಕೋಣೆಯಿಂದ ಬಂದು ನನ್ನೆದುರು ನಿಂತಳು.

“ಅಕ್ಕ, ನಿಮ್ಮ ಸೂಟ್‌ಕೇಸ್ ಬೆಳಿಗ್ಗೆಯೇ ಜೋಡಿಸಿಟ್ಟಿದ್ದೀನಿ. ಇಸ್ತ್ರಿ ಮಾಡಿದ ಸೀರೆ ಮೇಲಿದೆ.”

ನನ್ನನ್ನು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಇಸ್ತ್ರಿ ಮಾಡಿದ ಸೀರೆಗೆ ಏನು ಉತ್ತರ ಕೊಡುವುದು? ಹುಡುಗಿಯ ಕೋಣೆಗೆ ಹೋಗಿ ಸೂಟ್‌ಕೇಸ್ ತೆರೆದೆ. ಸೀರೆಗಳ ಕೆಳಗೆ ನಾನು ಹರಿದುಕೊಟ್ಟಿದ್ದ ಐದನೆಯ ಪುಟ ಇತ್ತು. ಮೊದಲನೆಯ ಸಾಲು ಹೀಗಿತ್ತು: ‘ಕಾವಲು ಕಾಯಬೇಡಿ.’ ಹಾಳೆಯ ಮಡಿಕೆ ಸವೆದುಹೋಗಿತ್ತು. ಅವಳು ಅದನ್ನು ತುಂಬ ಸಲ ಓದಿರಬೇಕು, ಪ್ರತಿ ಸಲವೂ ನನಗೆ ತೋರಿಸಬೇಕೆಂದುಕೊಂಡು ಮಡಿಸಿ ಇಟ್ಟಿರಬೇಕು.

ಮನೆಯವರಿಗಾಗಿ ಇಲ್ಲಿ ಪ್ರತಿ ಗುರುವಾರ ನಡೆಯುವ ಕುಟುಂಬ ಸಭೆಗೆ ನಾನು ಮೊದಲು ಬಂದದ್ದು ದೂರು ಹೇಳುವುದಕ್ಕೆ. ನಲವತ್ತು ನಿಮಿಷ ಹೇಳಿದೆ. ಎಲ್ಲರೂ ಕೇಳಿದರು. ಕೊನೆಗೆ ಸಲಹೆಗಾರ್ತಿ, “ತಮ್ಮನ ವಿಷಯ ಆಯ್ತು. ಈ ವಾರ ನೀವೇನು ಮಾಡಿದ್ರಿ?” ಎಂದು ಕೇಳಿದರು. ಯೋಚಿಸಿದೆ. ಏನೂ ಮಾಡಿರಲಿಲ್ಲ. ಮುಂದಿನ ಗುರುವಾರಕ್ಕೆ ಏನಾದರೂ ಉತ್ತರ ಬೇಕಲ್ಲ ಎಂದು ಒಂದು ದಿನ ನದಿಯ ದಂಡೆಗೆ ನಡೆದು ಹೋಗಿ ಬಂದೆ. ಹೀಗೆ ಎರಡು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿಸದೆ ಬಂದಿದ್ದೇನೆ. ಎಂಥ ನಿಷ್ಠೆ ಎಂದು ಸಮಿತಿಯವರು ಫಲಕ ಕೊಟ್ಟರು. ಕಾಯಿಲೆಯವರು ಆಸ್ಪತ್ರೆಗೆ ತಪ್ಪದೆ ಬಂದರೆ ಅದನ್ನು ನಿಷ್ಠೆ ಎನ್ನುತ್ತಾರೆಯೇ?

ನಾನು ಜಾರಿದ್ದೂ ಉಂಟು. ತಮ್ಮ ಆ ಅಂಗಡಿ ಬಿಟ್ಟು ಬೇರೆ ಅಂಗಡಿ ಸೇರಿದ. ಮೊದಲ ದಿನವೇ ಹೊಸ ಯಜಮಾನರಿಗೆ ಎಲ್ಲವನ್ನೂ ತಾನೇ ಹೇಳಿಕೊಂಡು, ಚಕ್ರದ ಮುಂದೆ ಕೂತ. ಟೈರ್ ಅಂಗಡಿಯ ಮೇಲಿನ ಗುಂಪು ಅವನನ್ನು ಮತ್ತೆ ಕರೆದುಕೊಂಡಿತು. ಇದೆಲ್ಲ ನನಗೆ ಹುಡುಗಿ ಹೇಳಿದ್ದು. ಒಂದು ದಿನ ತಡೆಯಲಾರದೆ ಆ ಅಂಗಡಿಗೆ ಫೋನ್ ಮಾಡಿದೆ. ಧ್ವನಿ ಬದಲಿಸಿ, ಗಾಜು ಉಜ್ಜುವವರು ಇವತ್ತು ಬಂದಿದ್ದಾರಾ ಎಂದು ಕೇಳಿದೆ. ಆ ಕಡೆಯಿಂದ, “ಬಂದಿದ್ದೀನಿ ಅಕ್ಕ,” ಎಂದು ಉತ್ತರ ಬಂತು. ಸಿಟ್ಟಿರಲಿಲ್ಲ. ಫೋನ್ ಇಟ್ಟ. ಆ ಗುರುವಾರ ಇಲ್ಲಿ ಬಂದು, ಜಾರಿದೆ ಎಂದು ಹೇಳಿದೆ. ಪಕ್ಕದಲ್ಲಿ ಕೂತಿದ್ದ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡರು. ಅವರು ಮಗನ ಕೋಣೆಯ ಬೀಗದ ತೂತಿನಲ್ಲಿ ಹಿಂದಿನ ದಿನವೇ ಇಣುಕಿದ್ದರಂತೆ.

ಅವನು ಕುಡಿತ ಬಿಟ್ಟು ಎಷ್ಟು ದಿನವಾಯಿತು ಎಂದು ನಿರೂಪಕರು ಸಂಖ್ಯೆ ಹೇಳಿದರು. ನನಗೆ ಆ ಸಂಖ್ಯೆ ಗೊತ್ತಿಲ್ಲ. ಅದು ಅವನದು, ನಾನು ಕೇಳುವುದಿಲ್ಲ. ಇವತ್ತಿನ ಸಭೆಗೆ ಕರೆದಿದ್ದೆ. ನಾನು ಬಂದರೆ ಜನ ನನ್ನನ್ನೇ ನೋಡುತ್ತಾರೆ, ನಿನ್ನ ಮಾತು ಯಾರೂ ಕೇಳುವುದಿಲ್ಲ ಎಂದ. ಅವನ ಲೆಕ್ಕಾಚಾರ ಸರಿ.

ನಾಳೆ ಮನೆಗೆ ಹೋಗುವವರಿಗೆ ನಾನು ಉಪದೇಶ ಮಾಡುವುದಿಲ್ಲ. ನಿಮಗೆ ವೈದ್ಯರ ನಾಲ್ಕು ಪುಟ ಇವೆ. ಕರೆದುಕೊಂಡು ಹೋಗಲು ಬಂದವರಿಗೆ ಮಾತ್ರ ಒಂದು ಮಾತು: ಐದನೆಯ ಪುಟವನ್ನು ಬೇರೆಯವರಿಗೆ ಕೊಡಬೇಡಿ. ಅದು ಓದಲು ಸುಲಭ. ಮಾಡುವುದು ಎಷ್ಟು ಕಷ್ಟ ಎಂದು ಹೇಳಿ ಮುಗಿಸುತ್ತೇನೆ.

ಸೋಮವಾರ ತಮ್ಮನ ಹೆಂಡತಿ ಫೋನ್ ಮಾಡಿದ್ದಳು. ಅವಳ ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಅವಳೂ ಹುಡುಗಿಯೂ ನಾಲ್ಕು ದಿನ ಪರವೂರಿಗೆ ಹೋಗುತ್ತಾರೆ. ಕುಡಿತ ಬಿಟ್ಟ ಮೇಲೆ ತಮ್ಮ ಆ ಮನೆಯಲ್ಲಿ ಒಬ್ಬನೇ ಇರುವುದು ಇದೇ ಮೊದಲು. ನಾನು ಸೂಟ್‌ಕೇಸ್ ಕಡೆ ನೋಡಿದೆ. ಅವಳು ಹೇಳಿದಳು, “ಅವರು ಒಬ್ಬರೇ ಇರ್ತಾರೆ ಅಕ್ಕ. ನೀವು ಹೋಗಬೇಡಿ. ಹೋಗಬೇಕು ಅನ್ನಿಸಿದ್ರೆ ನನಗೆ ಫೋನ್ ಮಾಡಿ, ಎಷ್ಟು ಹೊತ್ತಿಗಾದ್ರೂ ಸರಿ.” ಇದುವರೆಗೆ ಹನ್ನೊಂದು ಸಲ ಮಾಡಿದ್ದೇನೆ. ಹನ್ನೊಂದು ಸಲವೂ ಎತ್ತಿದ್ದಾಳೆ. ಹನ್ನೊಂದು ಸಲವೂ ಬೇಡ ಅಕ್ಕ ಎಂದಿದ್ದಾಳೆ.

ಇವತ್ತು ಮೂರನೇ ದಿನ. ಭಾಷಣಕ್ಕೆ ನಾನು ಒಪ್ಪಿಕೊಂಡದ್ದು ಫಲಕದ ಆಸೆಗಲ್ಲ. ಇಲ್ಲಿ ನಾಲ್ಕು ಜನರ ಎದುರು ಕೂತಿದ್ದರೆ ಅಲ್ಲಿಗೆ ಹೋಗಲಾಗುವುದಿಲ್ಲವಲ್ಲ ಎಂದು. ತಮ್ಮನ ಮನೆಯ ಕಡೆ ಹೋಗುವ ಕೊನೆಯ ಬಸ್ಸು ಈ ಸಭಾಂಗಣದ ಎದುರಿನಿಂದಲೇ ಎಂಟೂವರೆಗೆ ಹೊರಡುತ್ತದೆ. ಈಗ ಏಳೂ ನಲವತ್ತು. ನನ್ನ ಹಾಳೆಗಳು ಮುಗಿದವು. ಆದ್ದರಿಂದ ಅಧ್ಯಕ್ಷರಲ್ಲಿ ಒಂದು ವಿನಂತಿ. ಅಧ್ಯಕ್ಷರು ಚುಟುಕಾಗಿ ಮುಗಿಸಲಿ ಎಂದು ಸಭಿಕರು ಬೇಡಿಕೊಳ್ಳುವುದನ್ನು ತಾವು ಎಷ್ಟೋ ಕಡೆ ನೋಡಿರಬಹುದು. ನಾನು ಬೇಡಿಕೊಳ್ಳುವುದು ಬೇರೆ. ತಾವು ಇವತ್ತು ಯಾವ ಅವಸರವೂ ಇಲ್ಲದೆ, ಎಲ್ಲವನ್ನೂ ವಿವರವಾಗಿ, ಬೇಕಾದರೆ ಎರಡೆರಡು ಸಲ ಹೇಳಿ. ಎಂಟು ಮೂವತ್ತೈದರವರೆಗೆ ಮಾತಾಡಿದರೆ ಸಾಕು. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ, ಮಧ್ಯದಲ್ಲಿ ಎದ್ದರೆ ಪಕ್ಕದಲ್ಲಿರುವವರು ದಯವಿಟ್ಟು ನನ್ನ ಸೆರಗು ಹಿಡಿದು ಕೂರಿಸಿ.

ಕೇಳಿಸಿಕೊಂಡ ನಿಮ್ಮ ಕಿವಿಗಳಿಗೂ, ಇನ್ನೂ ಐವತ್ತೈದು ನಿಮಿಷ ನನ್ನ ಜೊತೆ ಇರಲಿರುವ ನಿಮ್ಮ ತಾಳ್ಮೆಗೂ ನಾನು ಋಣಿ. ನಮಸ್ಕಾರ.